ಡಬ್ಬಕ್ಕೊಂದು

ಚಿತ್ತರಂಜನ ಆಳ್ವರು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಲೆಕ್ಕ ತಪ್ಪಿದ ಹುಡುಗನನ್ನು ಅವರು ಕ್ಷಮಿಸಿದ್ದುಂಟು. ಎಲ್ಲಿ ತಪ್ಪಿತೆಂದು ತೋರಿಸಲಾರದವನನ್ನು ಕ್ಷಮಿಸಿದ್ದಿಲ್ಲ. ಅಂಥವರ ಮನೆಗೆ, ಅವರ ಮಗಳ ಮಗನಿಗೆ ಐದು ವಸ್ತುಗಳನ್ನು ಎಣಿಸಿ ಕೊಡಲು ಬರುವುದಿಲ್ಲವೆಂಬ ಸುದ್ದಿ ಬಂದಿತು.

ಸುದ್ದಿ ತಂದವಳು ಮಗಳು ಸಂಚಿತಾ. ಪಂಪ್‌ವೆಲ್ಲಿನ ಹತ್ತಿರದ ಶಿಶುವಿಹಾರದಿಂದ ಕರೆ ಬಂದಿತೆಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಧ ದಿನ ರಜೆ ಹಾಕಿ ಹೋಗಿದ್ದವಳು, ಕಂಕನಾಡಿಯ ಫ್ಲ್ಯಾಟಿಗೆ ಮರಳಿದಾಗ ಚಪ್ಪಲಿ ಕಳಚುವುದನ್ನೂ ಮರೆತಿದ್ದಳು. ನಾಲ್ಕು ವರ್ಷದ ಶೋಭಿತ್ ಹಿಂದಿನಿಂದ ಬಂದು, ತನ್ನ ಶೂ ಕಳಚಿ ಜೋಡಿಸಿಟ್ಟು, ಅಮ್ಮ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದಾಳೆಂದು ಅಜ್ಜಿಗೆ ದೂರು ಹೇಳಿದನು.

ವಿಷಯ ಇಷ್ಟು. ಮಗು ಇಪ್ಪತ್ತರವರೆಗೆ ಬಾಯಲ್ಲಿ ಹೇಳುತ್ತದೆ. ಅಂಕಿಯ ಕಾರ್ಡು ತೋರಿಸಿದರೆ ಗುರುತಿಸುತ್ತದೆ. ಆದರೆ ಐದರ ಕಾರ್ಡನ್ನು ಕೈಗೆ ಕೊಟ್ಟು, ಡಬ್ಬದಿಂದ ಅಷ್ಟು ಮಣಿ ತೆಗೆದು ಕೊಡು ಎಂದರೆ ಒಮ್ಮೆಯೂ ಸರಿಯಾಗಿ ಕೊಡುವುದಿಲ್ಲ. ಮೂರು ವಾರದಿಂದ ನೋಡುತ್ತಿದ್ದಾರೆ. ಅಂಕಿಗೂ ಎಣಿಕೆಗೂ ಇರುವ ಸಂಬಂಧ ಅವನ ತಲೆಯಲ್ಲಿ ಕೂತಂತಿಲ್ಲ, ಮಕ್ಕಳ ತಜ್ಞರಿಗೆ ಒಮ್ಮೆ ತೋರಿಸುವುದು ಒಳ್ಳೆಯದು ಎಂದು ತೃಪ್ತಿ ಟೀಚರ್ ಸಲಹೆ ಕೊಟ್ಟಿದ್ದರು. ಮುಂದಿನ ಸೋಮವಾರಕ್ಕೆ ಸಮಯವೂ ನಿಗದಿಯಾಗಿತ್ತು. ವರದಿ ಬರುವವರೆಗೆ ಯುಕೆಜಿಯ ಮಾತನ್ನು ಬದಿಗಿಡೋಣ, ಅಗತ್ಯ ಬಿದ್ದರೆ ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಕೂರಲಿ ಎಂದೂ ಮೃದುವಾಗಿಯೇ ತಿಳಿಸಿದ್ದರು.

ಸಂಚಿತಾಳ ಕೆಲಸವೇ ಬೇರೆಯವರ ರಕ್ತದಲ್ಲಿ ಇರಬಾರದ್ದನ್ನು ಹುಡುಕುವುದು. ಪರೀಕ್ಷೆ ಮಾಡಿದ ಮೇಲೆ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂಬುದು ಅವಳ ಅನುಭವ. ಸುರತ್ಕಲ್ಲಿನ ರಿಫೈನರಿಯಲ್ಲಿ ಶಿಫ್ಟಿನಲ್ಲಿದ್ದ ಗಂಡ ತುಷಾರ್‌ನಿಗೆ ಫೋನು ಮಾಡಿದರೆ, ಆ ಪ್ರಾಯದಲ್ಲಿ ತನಗೂ ಏನೂ ಬರುತ್ತಿರಲಿಲ್ಲ ಎಂದು ಅವನು ನಗಾಡಿದನಂತೆ. ಆ ನಗುವಿನಿಂದ ಅವಳಿಗೆ ಸಮಾಧಾನವಾಗಲಿಲ್ಲ.

ಆಳ್ವರಿಗೊಬ್ಬ ತಮ್ಮನಿದ್ದನು. ಎಂಟು ವರ್ಷವಾದರೂ ಕೂಡಿಸಲು ಬಾರದ ಅವನಿಗೆ ಪಾಠ ಹೇಳಲು ಹಿರಿಯರು ನೇಮಿಸಿದ್ದು ಹದಿಮೂರು ವರ್ಷದ ಚಿತ್ತರಂಜನನನ್ನು. ಅವರು ಕಲಿಸಿದರು, ಹೊಡೆದೂ ಕಲಿಸಿದರು. ಕಡೆಗೆ ಹಿರಿಯರು ಶಾಲೆ ಬಿಡಿಸಿ ಅವನನ್ನು ಮನೆಯಲ್ಲಿ ಕೂರಿಸಿದರು. ಆ ತಮ್ಮ ಅರುವತ್ತೆರಡು ವರ್ಷ ಬದುಕಿದನು. ಎದುರಿಗೆ ಯಾರಾದರೂ ‘ಎಷ್ಟು?’ ಎಂದು ಕೇಳಿದರೆ ಕೊನೆಯವರೆಗೂ ಎದ್ದು ಹೊರಗೆ ಹೋಗಿಬಿಡುತ್ತಿದ್ದನು. ಈ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತುವ ಪದ್ಧತಿಯಿಲ್ಲ. ಸಂಚಿತಾ ಕೂಡ ಎತ್ತಲಿಲ್ಲ. ಆದರೆ ಅವಳು ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಅವರು ಕಿಟಕಿಯ ಕಡೆಗೆ ತಿರುಗಿಕೊಂಡರು.

ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು. ಒಂದೇ ಮಣಿಯನ್ನು ಮೇಜಿನ ಮೇಲಿಟ್ಟು ಎಷ್ಟು ಎಂದು ಕೇಳಿದ್ದಕ್ಕೆ ಶೋಭಿತ್ ‘ಲಾಭ’ ಎಂದು ಉತ್ತರಿಸಿದನಂತೆ.

ಆಳ್ವರು ಕಿಟಕಿ ಬಿಟ್ಟು ಅಡುಗೆಮನೆಯ ಕಡೆ ನಡೆದರು. ಅಪರಾಧಿ ಸಿಕ್ಕಿದಂತಾಗಿತ್ತು. ಅವರ ಹೆಂಡತಿ ಶಶಿಪ್ರಭಾ ದಿನಾ ಬೆಳಿಗ್ಗೆ ತವರಿನಿಂದ ತಂದ ಹಿತ್ತಾಳೆಯ ಪಾವಿನಲ್ಲಿ ಕುಚ್ಚಲಕ್ಕಿ ಅಳೆಯುವವರು. ಮೊದಲನೆಯ ಪಾವಿಗೆ ‘ಒಂದು’ ಎನ್ನದೆ ‘ಲಾಭ’ ಎಂದು, ಅಲ್ಲಿಂದ ಮುಂದೆ ಎರಡು, ಮೂರು ಎಂದು ಹೇಳುತ್ತ ಹೋಗುವುದು ಆ ಕಡೆಯ ಹಳೆಯ ಮನೆಗಳ ರೂಢಿ. ಮಗು ಎರಡು ವರ್ಷದಿಂದ ಮಣೆ ಹಾಕಿಕೊಂಡು ಅವರ ಪಕ್ಕದಲ್ಲಿ ಕೂರುತ್ತಿತ್ತು.

“ಸಂಖ್ಯೆಯ ಬುಡಕ್ಕೇ ನೀನು ಕತ್ತಿ ಹಾಕಿದ್ದು” ಎಂದರು ಆಳ್ವರು. “ಒಂದು ಎಂಬುದೇ ಗೊತ್ತಿಲ್ಲದವನಿಗೆ ಐದು ಎಲ್ಲಿಂದ ಬರಬೇಕು?”

ಶಶಿಪ್ರಭಾ ಒಲೆಯ ಮುಂದಿನಿಂದ ತಿರುಗಲಿಲ್ಲ. “ಐವತ್ತು ವರ್ಷ ನಾನು ಹೀಗೆಯೇ ಅಳೆದದ್ದು. ಒಂದು ದಿನ ನಿಮಗೆ ಅನ್ನ ಕಡಿಮೆ ಬಿದ್ದದ್ದು ಉಂಟಾ?”

ಆಳ್ವರು ಆಜ್ಞೆ ಹೊರಡಿಸಿದರು. ನಾಳೆಯಿಂದ ಈ ಮನೆಯಲ್ಲಿ ಮೊದಲನೆಯ ಪಾವು ಒಂದು. ಮಗುವಿನ ವಿಷಯವಾದ್ದರಿಂದ ಶಶಿಪ್ರಭಾ ಒಪ್ಪಿದರು. ಮಗುವಂತೂ ಎರಡೇ ದಿನದಲ್ಲಿ ಒಂದಕ್ಕೆ ಹೊಂದಿಕೊಂಡಿತು. ತುಟಿ ಅಲುಗದಂತೆ ‘ಲಾಭ’ ಎಂದುಕೊಂಡು, ಬಾಯಿಬಿಟ್ಟು ‘ಒಂದು’ ಎನ್ನುವ ಅಭ್ಯಾಸವನ್ನು ಅಜ್ಜಿ ಮಾಡಿಕೊಂಡರು.

ಗುರುವಾರ ಶಾಲೆಯಲ್ಲಿ ಮತ್ತೆ ನೋಡಿದರು. ಸಂಜೆ ಟೀಚರಿಂದ ಸಂದೇಶ ಬಂದಿತು. ಶೋಭಿತ್ ಈಗ ಒಂದು ಎನ್ನುತ್ತಾನೆ, ತುಂಬಾ ಸಂತೋಷ. ಆದರೆ ಕೇಳಿದಷ್ಟು ಮಣಿ ಕೊಡುವುದು ಇಂದೂ ಸರಿಯಾಗಲಿಲ್ಲ. ಸಂಚಿತಾ ಆ ಸಂದೇಶವನ್ನು ಓದಿ, ಫೋನನ್ನು ಮುಖ ಕೆಳಗಾಗಿ ಮೇಜಿನ ಮೇಲಿಟ್ಟಳು. ಆ ದಿನ ಅವಳು ಊಟಕ್ಕೆ ಕೂರಲಿಲ್ಲ.

ಶುಕ್ರವಾರ ಸಂಜೆ ಆಳ್ವರು ತಾವೇ ಪಾಠಕ್ಕೆ ಕುಳಿತರು. ಬಣ್ಣದ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಬೆಂಕಿಕಡ್ಡಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಎಷ್ಟೆಂದು ಕೇಳಿದರು. ಆರು ಎಂದನು ಶೋಭಿತ್. ಸರಿ. ಮೂರು ಎಂದನು. ಸರಿ. ಒಂಬತ್ತನ್ನು ಚದುರಿಸಿಟ್ಟು ಕೇಳಿದರು. ಬೆರಳು ಮುಟ್ಟಿಸಿ ಎಣಿಸಿ ಒಂಬತ್ತು ಎಂದನು. ಅದೂ ಸರಿ. ಆಳ್ವರು ಮಗಳನ್ನು ಕರೆದು, ಶಾಲೆಯವರಿಗೆ ಬುದ್ಧಿಯಿಲ್ಲ, ಮಗುವಿಗೆ ಉಂಟು ಎಂದರು. ಸಂಚಿತಾ ಬಾಗಿಲಲ್ಲಿ ನಿಂತುಕೊಂಡೇ, ಶಾಲೆಯಲ್ಲಿ ಹಾಗೆ ಕೇಳುವುದಲ್ಲ, ಡಬ್ಬದಿಂದ ತೆಗೆದು ಕೊಡಲಿಕ್ಕೆ ಹೇಳುವುದು ಎಂದಳು.

ಆಳ್ವರು ಕಡ್ಡಿಗಳನ್ನು ಪೆಟ್ಟಿಗೆಗೆ ತುಂಬಿ ಪೆಟ್ಟಿಗೆಯನ್ನು ಮಗುವಿನ ಮುಂದಿಟ್ಟರು. ಐದು ಕೊಡು ಎಂದರು. ಶೋಭಿತ್ ಗಟ್ಟಿಯಾಗಿ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸುತ್ತಾ ತೆಗೆದನು. ಎಣಿಕೆಯಲ್ಲಿ ಒಂದು ಸಂಖ್ಯೆಯೂ ಜಾರಲಿಲ್ಲ. ಆಳ್ವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಕಣ್ಣು ತೆರೆದಾಗ ಅವರ ಅಂಗೈಯಲ್ಲಿ ನಾಲ್ಕು ಕಡ್ಡಿಗಳಿದ್ದವು.

ಇನ್ನೊಮ್ಮೆ ಎಂದರು. ಎಂಟು ಕೇಳಿದರು. ಎಂಟರವರೆಗೆ ಎಣಿಸಿ ಏಳು ಕೊಟ್ಟನು. ಕೊಟ್ಟದ್ದನ್ನು ಎಣಿಸು ಎಂದರೆ ಎಣಿಸಿ, ಏಳು ಎಂದು ತಾನೇ ಹೇಳಿ, ಎಲ್ಲವೂ ಸರಿಯಿದೆ ಎಂಬಂತೆ ಅಜ್ಜನ ಮುಖ ನೋಡಿದನು. ಮೂರನೆಯ ಬಾರಿಯೂ ಕಡಿಮೆಯಾದಾಗ ಆಳ್ವರ ಸ್ವರ ಏರಿತು. ಹತ್ತಿರದಲ್ಲಿದ್ದ ಫೂಟ್‌ರೂಲಿನ ಮೇಲೆ ಅವರ ಕೈ ಹೋಯಿತು. ಅದನ್ನು ಎತ್ತಲಿಲ್ಲ, ಆದರೆ ಕೈ ಹೋದದ್ದು ಅವರಿಗೆ ಗೊತ್ತಾಯಿತು. ಶೋಭಿತ್ ಎದ್ದು ಸದ್ದಿಲ್ಲದೆ ಬಾಲ್ಕನಿಗೆ ಹೊರಟುಹೋದನು.

ಎದ್ದು ಹೊರಗೆ ಹೋಗುವ ಆ ರೀತಿಯನ್ನು ಆಳ್ವರು ಐವತ್ತು ವರ್ಷ ನೋಡಿದ್ದರು.

ಶನಿವಾರ ಬೆಳಿಗ್ಗೆ ಎದ್ದವರೇ ಮಗಳೊಡನೆ ಶಾಲೆಯ ಮಣಿ ಪರೀಕ್ಷೆಯ ಶೀಟನ್ನು ಕೇಳಿದರು. ಟೀಚರ್ ಮೂರು ವಾರ ಬರೆದಿಟ್ಟ ಹಾಳೆಯ ಚಿತ್ರವನ್ನು ಅವಳು ಫೋನಿನಲ್ಲಿ ತೆಗೆದುಕೊಂಡು ಬಂದಿದ್ದಳು. ಇಷ್ಟು ದಿನ ಆಳ್ವರು ಅದನ್ನು ನೋಡಿರಲಿಲ್ಲ. ಆಟ ಆಡಿಸುವ ಹುಡುಗಿ ಬರೆದ ಹಾಳೆಯಲ್ಲಿ ನೋಡುವುದೇನಿದೆ ಎಂಬ ಭಾವ. ಈಗ ಕನ್ನಡಕ ಹಾಕಿಕೊಂಡು, ಹಳೆಯ ಡೈರಿಯ ಖಾಲಿ ಪುಟದಲ್ಲಿ ಅದನ್ನು ನಕಲು ಮಾಡತೊಡಗಿದರು.

ಎಡಕ್ಕೆ ಕೇಳಿದ್ದು, ಬಲಕ್ಕೆ ಕೊಟ್ಟದ್ದು. ಮೂರು ಕೇಳಿದರೆ ಎರಡು. ಐದಕ್ಕೆ ನಾಲ್ಕು. ಎಂಟಕ್ಕೆ ಏಳು. ಹತ್ತಕ್ಕೆ ಒಂಬತ್ತು. ಒಂದು ಕೇಳಿದ ದಿನ ಸೊನ್ನೆ. ಪಕ್ಕದಲ್ಲಿ ‘ಕೊಡದೆ ನಗುತ್ತಾನೆ’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಹದಿನೇಳು ಸಾಲುಗಳಾದವು. ಆಳ್ವರು ಬದಿಯಲ್ಲಿ ಮೂರನೆಯ ಅಂಕಣ ಎಳೆದು ವ್ಯತ್ಯಾಸ ಬರೆಯುತ್ತಾ ಬಂದರು. ಒಂದು. ಒಂದು. ಒಂದು. ಹದಿನೇಳರಲ್ಲಿಯೂ ಒಂದು.

ಪೆನ್ಸಿಲು ನಿಂತಿತು. ಬಾರದವನು ಹೀಗೆ ತಪ್ಪಲಾರ. ಬಾರದವನ ತಪ್ಪು ಒಮ್ಮೆ ಎರಡಿರುತ್ತದೆ, ಒಮ್ಮೆ ಮೂರಿರುತ್ತದೆ, ಒಮ್ಮೊಮ್ಮೆ ಅದೃಷ್ಟದಿಂದ ಸರಿಯೂ ಆಗುತ್ತದೆ. ಹದಿನೇಳು ಸಲವೂ ಒಂದೇ ಅಳತೆಗೆ ತಪ್ಪಬೇಕಾದರೆ ಎಣಿಕೆ ಚೆನ್ನಾಗಿ ಬರಬೇಕು. ಇದು ತಪ್ಪಲ್ಲ, ಯಾವುದೋ ನಿಯಮ. ಆ ನಿಯಮ ಯಾವುದೆಂದು ಮಾತ್ರ ಗೊತ್ತಿಲ್ಲ.

ಆಗಲೇ ಅವರಿಗೆ ತಮ್ಮನ ಸ್ಲೇಟು ನೆನಪಾಯಿತು. ಅದರ ಮೇಲೆ ಅವರು ಎಳೆದ ಅಡ್ಡಗೆರೆಗಳು ಲೆಕ್ಕವಿಲ್ಲದಷ್ಟು. ಆದರೆ ಅವನ ಉತ್ತರ ಎಷ್ಟರಿಂದ ತಪ್ಪುತ್ತಿತ್ತು ಎಂಬುದನ್ನು ಅವರು ಒಮ್ಮೆಯೂ ಬರೆದಿಟ್ಟಿರಲಿಲ್ಲ.

ಡೈರಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು. ಕಾಫಿ ಕೇಳುವುದಕ್ಕೋ, ಹೆಂಡತಿಗೆ ಈ ಲೆಕ್ಕ ತೋರಿಸುವುದಕ್ಕೋ ಅವರಿಗೇ ಸ್ಪಷ್ಟವಿರಲಿಲ್ಲ. ಒಳಗೆ ಶಶಿಪ್ರಭಾ ಅಕ್ಕಿ ಅಳೆಯುತ್ತಿದ್ದರು. ಶೋಭಿತ್ ಮಣೆಯ ಮೇಲಿದ್ದನು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಪಾವು ಪಾತ್ರೆಗೆ ಬಿದ್ದ ಮೇಲೆ ಅಜ್ಜಿ ಪಾತ್ರೆಯನ್ನು ಮಗುವಿನ ಕಡೆಗೆ ವಾಲಿಸಿದರು. ಮಗು ಅಳೆದ ಅಕ್ಕಿಯಿಂದ ಒಂದು ಚಿಟಿಕೆ ತೆಗೆದು, ಕೈ ಚಾಚಿ, ಮತ್ತೆ ಡಬ್ಬದೊಳಗೆ ಹಾಕಿತು. ಶಶಿಪ್ರಭಾ ಡಬ್ಬದ ಮುಚ್ಚಳ ಮುಚ್ಚಿದರು.

ಐವತ್ತು ವರ್ಷದಿಂದ ಅವರ ಕಣ್ಣೆದುರಿಗೇ, ಇದೇ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ. ಅಳೆದು ತೆಗೆದದ್ದರಲ್ಲಿ ಸ್ವಲ್ಪವನ್ನು ಡಬ್ಬಕ್ಕೆ ಮರಳಿಸದೆ ಮುಚ್ಚಬಾರದು, ಅಕ್ಕಿಯ ಡಬ್ಬ ಎಂದಿಗೂ ಬರಿದಾಗಬಾರದು ಎಂಬುದು ಶಶಿಪ್ರಭಾರ ತಾಯಿ ಅವರಿಗೆ ಹೇಳಿಕೊಟ್ಟದ್ದು. ಮಗು ಬೆಳೆದು ಕೂರುವಂತಾದ ಮೇಲೆ ಆ ಕೆಲಸ ಮಗುವಿನದಾಗಿತ್ತು. ಆಳ್ವರು ಅದನ್ನು ಕಂಡಿರಲಿಲ್ಲವೆಂದಲ್ಲ, ನೋಡಿರಲಿಲ್ಲ. ನಿನ್ನೆ ಸಂಜೆ ಕೂಡ ಅವರ ಕಿವಿ ಮಗುವಿನ ಬಾಯಿಯ ಮೇಲಿತ್ತು. ಕಣ್ಣು ಕೈಯ ಮೇಲಿರಲಿಲ್ಲ.

“ಎಂತ ಹಾಗೆ ನಿಂತದ್ದು?” ಎಂದು ಶಶಿಪ್ರಭಾ ಕೇಳಿದರು. “ಇನ್ನು ಇದಕ್ಕೂ ಕಾನೂನು ಉಂಟಾ?”

ಆಳ್ವರು ಇಲ್ಲವೆಂದು ತಲೆಯಾಡಿಸಿ, ಹೊರಗೆ ಬಂದು, ಸೀರೆ ಉಡು, ಶಾಲೆಗೆ ಹೋಗುವ ಎಂದು ಮಗಳಿಗೆ ಹೇಳಿದರು. ಶೋಭಿತ್ ಶಾಲೆಯ ವ್ಯಾನಿನಲ್ಲಿ ಮುಂದೆ ಹೋಗಿದ್ದನು; ದಾರಿಯಲ್ಲಿ ಆಳ್ವರು ರಿಕ್ಷಾದಲ್ಲಿ ಕೂತು ಅವಳಿಗೆ ಡೈರಿ ತೋರಿಸಿ ಎಲ್ಲವನ್ನೂ ವಿವರಿಸಿದರು. ಮಗುವಿಗೆ ಮಾತ್ರ ಏನೂ ಹೇಳಕೂಡದು ಎಂದು ಎರಡು ಬಾರಿ ಎಚ್ಚರಿಸಿದರು. ಹೇಳಿಕೊಟ್ಟ ಉತ್ತರ ಉತ್ತರವಲ್ಲ. ಸಂಚಿತಾ ಹೂಂ ಎಂದಳು. ಅಪ್ಪನ ಲೆಕ್ಕವನ್ನು ನಂಬಬೇಕೆಂಬ ಆಸೆ, ನಂಬಿ ಮೋಸಹೋದರೆ ಎಂಬ ಹೆದರಿಕೆ, ಎರಡೂ ಅವಳ ಮುಖದಲ್ಲಿದ್ದವು. ಆಳ್ವರಿಗೂ ಪೂರ್ತಿ ಧೈರ್ಯವಿರಲಿಲ್ಲ. ವ್ಯತ್ಯಾಸ ಒಂದೆಂಬುದು ಸಿದ್ಧವಾಗಿತ್ತು. ಕಾರಣ ಇನ್ನೂ ಊಹೆಯಾಗಿತ್ತು.

ತೃಪ್ತಿ ಟೀಚರಿಗೆ ಇಪ್ಪತ್ತಾರರ ಪ್ರಾಯವಿರಬಹುದು. ಉಳಿದ ಮಕ್ಕಳು ಆಟಕ್ಕೆ ಹೋಗಿದ್ದ ತರಗತಿಯಲ್ಲಿ ದೊಡ್ಡವರಿಗೆ ಕೂರುವ ವ್ಯವಸ್ಥೆಯಿರಲಿಲ್ಲ. ಗೇಣೆತ್ತರದ ಕೆಂಪು ಕುರ್ಚಿಯನ್ನು ಅವರು ಸಂಕೋಚದಿಂದ ತೋರಿಸಿದಾಗ ಸಂಚಿತಾ ಹೇಗೋ ಅದರಲ್ಲಿ ಕುಳಿತಳು; ಆಳ್ವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಮಗುವನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ಈ ಬಾರಿ ದಯವಿಟ್ಟು ಅವನ ಕೈಯನ್ನು ಮಾತ್ರ ನೋಡಬೇಕು ಎಂದು ಕೇಳಿಕೊಂಡರು. ಕಾರಣವನ್ನು ಅವರಿಗೂ ಹೇಳಲಿಲ್ಲ.

ಟೀಚರ್ ಬಿಸ್ಕೆಟಿನ ಹಳೆಯ ಡಬ್ಬವನ್ನು ತಂದು ಮೇಜಿನ ಮೇಲಿಟ್ಟರು. ಅದರ ತುಂಬ ನೀಲಿ ಹಳದಿ ಮಣಿಗಳು. ಐದರ ಕಾರ್ಡು ತೋರಿಸಿ, ಟೀಚರಿಗೆ ಇಷ್ಟು ಕೊಡು ನೋಡುವ ಎಂದರು. ಶೋಭಿತ್ ಐದನ್ನು ಎಣಿಸಿ ಅಂಗೈಗೆ ತೆಗೆದುಕೊಂಡನು. ಆಮೇಲೆ ಅದರಲ್ಲಿ ಒಂದನ್ನು, ಯಾವ ಗಡಿಬಿಡಿಯೂ ಇಲ್ಲದೆ, ಡಬ್ಬಕ್ಕೆ ಹಾಕಿದನು. ಉಳಿದ ನಾಲ್ಕನ್ನು ಟೀಚರ ಕೈಯಲ್ಲಿಟ್ಟನು.

ಸಂಚಿತಾ ಉಸಿರು ಬಿಟ್ಟದ್ದು ಕೋಣೆಯಲ್ಲೆಲ್ಲ ಕೇಳಿತು.

“ಅದನ್ನು ಎಂತಕ್ಕೆ ಒಳಗೆ ಹಾಕಿದ್ದು?” ಎಂದು ತೃಪ್ತಿ ಟೀಚರ್ ಕೇಳಿದರು.

“ಡಬ್ಬಕ್ಕೆ” ಎಂದನು ಶೋಭಿತ್. ಇಷ್ಟು ದೊಡ್ಡವರಿಗೆ ಇದೂ ಗೊತ್ತಿಲ್ಲವೇ ಎಂದು ಅವನಿಗೆ ಅನಿಸಿರಬೇಕು, ಬಿಡಿಸಿ ಹೇಳಿದನು. “ಡಬ್ಬಕ್ಕೆ ಕೊಡದೆ ಹಾಗೇ ತೆಗೀಲಿಕ್ಕಿಲ್ಲ ಟೀಚರ್. ಖಾಲಿ ಆಗ್ತದೆ.”

ಟೀಚರ್ ಆಳ್ವರ ಕಡೆ ನೋಡಿದರು. ಆಳ್ವರು ಮೂರೇ ವಾಕ್ಯಗಳಲ್ಲಿ ಅಕ್ಕಿಯ ಕಥೆ ಹೇಳಿದರು. ಇಪ್ಪತ್ತನಾಲ್ಕು ಮಕ್ಕಳ ನಡುವೆ ತಾನು ಕೈಗೆ ಬಂದದ್ದನ್ನು ಎಣಿಸಿದೆನೇ ಹೊರತು ಬರುವ ಮೊದಲು ಏನಾಗುತ್ತದೆಂದು ನೋಡಲಿಲ್ಲ ಎಂದು ಟೀಚರ್ ಪೇಚಾಡಿಕೊಂಡರು. ನಮ್ಮ ಮನೆಯಲ್ಲಿಯೂ ಅಜ್ಜಿ ಇದನ್ನೇ ಮಾಡುತ್ತಿದ್ದರು ಸರ್, ನನಗೆ ಹೊಳೆಯಲೇ ಇಲ್ಲ ಎಂದರು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಅದು ಆಳ್ವರಿಗೆ ಮೆಚ್ಚಿಗೆಯಾಯಿತು. ಕಪಾಟಿನಿಂದ ಬಟ್ಟೆಯ ಕರಡಿಯೊಂದನ್ನು ತಂದು ಡಬ್ಬದ ಪಕ್ಕದಲ್ಲಿ ಕೂರಿಸಿದರು.

“ಶೋಭಿತ್, ಇವನಿಗೆ ಮಾಲೆ ಮಾಡ್ಲಿಕ್ಕೆ ಆರು ಮಣಿ ಬೇಕು. ಐದಾದ್ರೆ ಸಾಕಾಗುದಿಲ್ಲ, ಏಳಾದ್ರೆ ಉದ್ದ ಆಗ್ತದೆ. ಡಬ್ಬಕ್ಕೂ ಕೊಡ್ಬೇಕು. ಎಂತ ಮಾಡುವ?”

ಶೋಭಿತ್ ಆರನ್ನು ಎಣಿಸಿ ತೆಗೆದನು. ಒಂದನ್ನು ಬೆರಳಲ್ಲಿ ಹಿಡಿದು ಡಬ್ಬದವರೆಗೆ ಕೊಂಡುಹೋಗಿ ಅಲ್ಲಿಯೇ ನಿಂತನು. ಕರಡಿಯನ್ನು ನೋಡಿದನು. ಆಮೇಲೆ ಅಜ್ಜನನ್ನು ನೋಡಿದನು. ಮೂವತ್ತಾರು ವರ್ಷದ ಚಟ ಆಳ್ವರ ನಾಲಿಗೆಯ ತುದಿಗೆ ಬಂದಿತ್ತು. ಅವರು ತುಟಿ ಕಚ್ಚಿ, ಬೆನ್ನ ಹಿಂದಿನ ಕೈಗಳನ್ನು ಇನ್ನಷ್ಟು ಬಿಗಿ ಹಿಡಿದು, ಮುಖವನ್ನು ಗೋಡೆಯ ಮೇಲಿನ ಅಂಕಿಗಳ ಕಡೆಗೆ ತಿರುಗಿಸಿದರು. ಹಿಂದಿನಿಂದ ಮಣಿಗಳ ಸದ್ದು ಕೇಳಿತು. ಆಮೇಲೆ ಮಗುವಿನ ಸ್ವರ.

“ಏಳು.”

ಅವರು ತಿರುಗಿ ನೋಡುವಷ್ಟರಲ್ಲಿ ಶೋಭಿತ್ ಏಳರಲ್ಲಿ ಒಂದನ್ನು ಡಬ್ಬಕ್ಕೆ ಹಾಕಿ, ಉಳಿದದ್ದನ್ನು ಕರಡಿಯ ಮುಂದೆ ಗುಡ್ಡೆ ಮಾಡಿದ್ದನು. ಟೀಚರ್ ಎಣಿಸಿದರು. ಆರು. ಎಂಟು ಕೇಳಿದರು, ಈ ಬಾರಿ ಅವನು ನಿಲ್ಲದೆ ಒಂಬತ್ತು ತೆಗೆದನು. ಮೂರು ಕೇಳಿದರು, ನಾಲ್ಕು. ಒಂದು ಕೇಳಿದರು, ಎರಡು ತೆಗೆದು, ಡಬ್ಬಕ್ಕೊಂದು ಹಾಕಿ, ಕರಡಿಗೊಂದು ಕೊಟ್ಟು, ತಾನೇ ನಕ್ಕನು.

ತೃಪ್ತಿ ಟೀಚರ್ ಶೀಟು ತೆಗೆದು ನಾಲ್ಕು ಸಾಲು ಬರೆದರು. ಕೇಳಿದ್ದು ಎಷ್ಟೋ ಕೊಟ್ಟದ್ದೂ ಅಷ್ಟೇ. ಸೋಮವಾರದ ಸಮಯವನ್ನು ತನ್ನ ಮಟ್ಟಿಗೆ ಬಿಟ್ಟುಬಿಡಬಹುದು, ಯುಕೆಜಿಯ ಪಟ್ಟಿಗೆ ಅವನ ಹೆಸರನ್ನು ಇವತ್ತೇ ಸೇರಿಸುತ್ತೇನೆ ಎಂದರು. ಅವನ ಪ್ರಾಯದ ಮಕ್ಕಳಲ್ಲಿ ಒಂದು ಕೂಡಿಸಿ ಒಂದು ಕಳೆಯುವವರು ಈ ತರಗತಿಯಲ್ಲಿ ಯಾರೂ ಇಲ್ಲ ಎಂದೂ ಸೇರಿಸಿದರು. ಸಂಚಿತಾ ನಗಲು ಹೊರಟು ಸೆರಗಿನಿಂದ ಕಣ್ಣೊರಸಿಕೊಂಡಳು. ಏಳಲು ನೋಡಿದರೆ ಕುರ್ಚಿಯೂ ಅವಳೊಡನೆ ಎದ್ದಿತು. ಶೋಭಿತ್ ಕುರ್ಚಿಯನ್ನು ಹಿಡಿದು ಎಳೆದನು, ಆಳ್ವರು ಮಗಳ ಕೈ ಹಿಡಿದು ಎತ್ತಿದರು. ಒಂದು ವಾರದಲ್ಲಿ ಅವಳು ಮೊದಲ ಬಾರಿಗೆ ಸ್ವರವೆತ್ತಿ ನಕ್ಕಳು.

ಹೊರಡುವಾಗ ಆಳ್ವರು ಬಾಗಿಲಲ್ಲಿ ನಿಂತರು. ಹೊಗಳುವುದು ಅವರಿಗೆ ಅಭ್ಯಾಸವಿರಲಿಲ್ಲ.

“ಟೀಚರ್, ನೀವು ಬರೇ ತಪ್ಪು ಎಂದು ಬರೆದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಕೊಟ್ಟ ಎಂದು ಬರೆದಿರಿ. ಅದು ದೊಡ್ಡದು.”

ತಾವು ಹಾಗೆ ಬರೆದವರಲ್ಲ ಎಂಬುದನ್ನು ಅವರು ಹೇಳಲಿಲ್ಲ. ಮೆಟ್ಟಿಲು ಇಳಿಯುವಾಗ ಮೊಮ್ಮಗನ ಕೈ ಹಿಡಿದುಕೊಂಡರು. ಸಾಮಾನ್ಯವಾಗಿ ಅವನೇ ಅವರ ಬೆರಳು ಹಿಡಿಯುವುದು.

ಮನೆಯಲ್ಲಿ ಶಶಿಪ್ರಭಾ ಬಾಗಿಲು ತೆರೆದಿಟ್ಟುಕೊಂಡೇ ಕಾದಿದ್ದರು. ಸಂಚಿತಾ ಎಲ್ಲವನ್ನೂ ಎರಡೆರಡು ಬಾರಿ ಹೇಳಿದಳು. ತುಷಾರ್‌ನಿಗೆ ಫೋನು ಹೋಯಿತು; ಅವನು ಈ ಸಲ ನಗಾಡಲಿಲ್ಲ, ಇನ್ನೊಮ್ಮೆ ಮೊದಲಿಂದ ಹೇಳು ಎಂದನಂತೆ. ಎಲ್ಲ ಕೇಳಿ ಮುಗಿದ ಮೇಲೆ ಶಶಿಪ್ರಭಾ ಗಂಡನ ಕಡೆ ಒಂದು ನೋಟ ಹಾಯಿಸಿ ಒಳಗೆ ಹೋದರು. ಹೇಳಬೇಕಾದ್ದನ್ನು ಅವರು ಕೂಡಿಟ್ಟುಕೊಂಡಿದ್ದಾರೆಂದು ಆಳ್ವರಿಗೆ ಅರ್ಥವಾಯಿತು.

ಆದಿತ್ಯವಾರ ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತರು. ಶಶಿಪ್ರಭಾ ಪಾವನ್ನು ಡಬ್ಬಕ್ಕಿಳಿಸಿ, ತುಂಬಿ, ಅಂಗೈಯಿಂದ ಸವರಿ ಮೇಲೆತ್ತಿದರು. ಆಜ್ಞೆಯ ಪ್ರಕಾರ ‘ಒಂದು’ ಎನ್ನಲು ಬಾಯಿ ತೆರೆದರು.

“ಲಾಭ” ಎಂದರು ಆಳ್ವರು.

ಶಶಿಪ್ರಭಾ ತಿರುಗಿ ನೋಡಲಿಲ್ಲ. ಅಕ್ಕಿಯನ್ನು ಪಾತ್ರೆಗೆ ಸುರಿದರು. “ಹಾಂ, ಕಲಿಯಿರಿ” ಎಂದರು. “ಎರಡು ಬರ್ತದಾ ನಿಮಗೆ?”

ಶೋಭಿತ್ ಮಣೆಯ ಮೇಲಿಂದ, ಅಜ್ಜನಿಗೆ ಬಾರದಿದ್ದರೆ ಎಂದು, ಎರಡು ಬೆರಳು ಎತ್ತಿ ತೋರಿಸಿದನು.